ಬೆಳ್ಳಿ ನಿಮ್ಮದು, ಅಚ್ಚು ನಮ್ಮದು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ‘ಹಾಲಿ’ ಎಂಬ ಮಾತು ಒಂದು ಕಾಲಕ್ಕೆ ಎರಡು ಕೆಲಸ ಮಾಡುತ್ತಿತ್ತು. ಹಾಲಿ ಶಾಸಕರು, ಹಾಲಿ ಅಧ್ಯಕ್ಷರು ಎನ್ನುವಾಗಿನ ಹಾಲಿ ಇಂದಿಗೂ ಎಲ್ಲರ ಬಾಯಲ್ಲಿದೆ. ಇನ್ನೊಂದು ಹಾಲಿ ಜನರ ಸೊಂಟದ ಚೀಲದಲ್ಲಿತ್ತು. ಅದು ನಿಜಾಮರ ಸರ್ಕಾರದ ಬೆಳ್ಳಿ ರೂಪಾಯಿ, ‘ಹಾಲಿ ಸಿಕ್ಕಾ’. ಹಾಲಿ ಎಂದರೆ ಸದ್ಯದ್ದು, ಈಗ ನಡೆಯುತ್ತಿರುವುದು. ಒಂದು ನಾಣ್ಯಕ್ಕೆ ‘ಈಗ ನಡೆಯುವುದು’ ಎಂದೇ ಹೆಸರಿಡಬೇಕಾಯಿತೆಂದರೆ, ನಡೆಯದೆ ಮೂಲೆಗೆ ಬಿದ್ದ ನಾಣ್ಯಗಳು ಎಷ್ಟಿದ್ದವೋ ಊಹಿಸಿಕೊಳ್ಳಬಹುದು.

ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಪಡುವಣ ಅಂಚು. ಆಳಂದದಿಂದ ಪಶ್ಚಿಮಕ್ಕೆ ಹೊರಟರೆ ಅಕ್ಕಲಕೋಟೆ ಸಂಸ್ಥಾನ. ಅಫಜಲಪುರದವರು ಭೀಮೆ ದಾಟಿದರೆ ಇಂಡಿ, ಜೇವರ್ಗಿಯವರು ಪಡುವಲಕ್ಕೆ ನಡೆದರೆ ಸಿಂದಗಿ. ಎರಡೂ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯವು. ಆಚೆ ಕಡೆ ಇಂಗ್ಲಿಷರ ರೂಪಾಯಿ, ‘ಕಲ್ದಾರ್’. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಹೊಡೆದದ್ದು ಕಲ್ದಾರ್. ಮಾತು ಒಂದೇ, ನೆಂಟಸ್ತಿಕೆ ಒಂದೇ, ಜೋಳದ ರೊಟ್ಟಿ ಒಂದೇ. ಹಣ ಮಾತ್ರ ಬೇರೆ. 1871ರಲ್ಲಿ ಸೊಲ್ಲಾಪುರದ ಕಡೆಯ ರೈಲು ದುಧನಿ, ಗಾಣಗಾಪುರ ರೋಡ್, ಕಲಬುರಗಿ ಹಾದು ರಾಯಚೂರು ಮುಟ್ಟಿದ ಮೇಲೆ ಹತ್ತಿಯೂ ಕಾಳೂ ಸರಾಗವಾಗಿ ಆಚೆ ಹೋಗತೊಡಗಿದವು. ಹಾಗೆ ಹೋದ ಮಾಲಿನ ಬೆಲೆ ಕಲ್ದಾರಿನಲ್ಲಿ ಬರುತ್ತಿತ್ತು, ಕಂದಾಯ ಮಾತ್ರ ಹಾಲಿಯಲ್ಲಿ ಕಟ್ಟಬೇಕಿತ್ತು.

ಕೊನೆಗೆ ನೆಲೆಗೊಂಡ ಲೆಕ್ಕ ಏಳಕ್ಕೆ ಆರು. 7 ಹಾಲಿ ಕೊಟ್ಟರೆ 6 ಕಲ್ದಾರ್. ಆ ಲೆಕ್ಕ ಗಟ್ಟಿಯಾಗುವ ಮೊದಲು ದರ ಪೇಟೆಯಲ್ಲಿ ಏಳುತ್ತ ಬೀಳುತ್ತ ಇತ್ತು. ಸಿಂದಗಿ ಸಂತೆಯಲ್ಲಿ 60 ಕಲ್ದಾರಿಗೆ ಎತ್ತು ಮಾರಿದ ಜೇವರ್ಗಿಯ ರೈತ ಮನೆಗೆ 70 ಹಾಲಿ ತರಬೇಕು. ತರುವಷ್ಟರಲ್ಲಿ ಚಿನಿವಾರನ ವಟ್ಟ ಒಂದಿಷ್ಟು ತಿಂದಿರುತ್ತಿತ್ತು. ವಟ್ಟ ಎಂದರೆ ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ಕಾಸು. ಗಡಿಯ ರೈತನಿಗೆ ಅದು ಯಾವ ಕಾಗದದಲ್ಲೂ ಬರೆಯದ, ವರ್ಷವೂ ತಪ್ಪದ ಇನ್ನೊಂದು ತೆರಿಗೆ.

ಹಾಗಾದರೆ ಈ ರೂಪಾಯಿಯನ್ನು ಹೊಡೆಯುತ್ತಿದ್ದವರು ಯಾರು? ಸರ್ಕಾರ ಎಂಬ ಉತ್ತರ ಅರ್ಧ ನಿಜ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ನಿಜಾಮರ ರಾಜ್ಯದಲ್ಲಿ ಟಂಕಸಾಲೆಗಳು ಹಲವು ಕೈಗಳಲ್ಲಿದ್ದವು. ಕಲ್ಯಾಣಿ, ಎಂದರೆ ಇಂದಿನ ಬಸವಕಲ್ಯಾಣದ ನವಾಬರ ನಾಣ್ಯಗಳಿದ್ದವು. ಸುರಪುರದ ನಾಯಕರದಿತ್ತು. ನಾರಾಯಣಪೇಟೆ, ಗದ್ವಾಲ, ವನಪರ್ತಿ ಕಡೆಯವೂ ಇದ್ದವು. ಔರಂಗಾಬಾದಿನಲ್ಲಿ ಪೆಸ್ತನ್‌ಜಿ ಎಂಬ ಪಾರ್ಸಿ ಸಾವಕಾರ ಮನೆತನಕ್ಕೆ ಟಂಕಿಸುವ ಹಕ್ಕು ಸಿಕ್ಕಿ, ಅಲ್ಲಿಂದ ಹೊರಬಂದ ರೂಪಾಯಿಗೆ ‘ಪೆಸ್ತನ್‌ಶಾಹಿ’ ಎಂದೇ ಹೆಸರು ಬಿತ್ತು. ಹತ್ತಿ ವ್ಯಾಪಾರವನ್ನೂ ಮಾಡುತ್ತಿದ್ದ ಸಾವಕಾರನ ಹೆಸರಿನಲ್ಲಿ ನಾಣ್ಯ! ಆ ಕಾಲದವರಿಗೆ ಅದು ಅಚ್ಚರಿಯಾಗಿರಲಿಲ್ಲ.

ಅಚ್ಚರಿಯಾಗದಿರಲು ಕಾರಣವಿದೆ. ಮೊಗಲರ ಕಾಲದಿಂದ ಬಂದ ಪದ್ಧತಿಯಲ್ಲಿ ಟಂಕಸಾಲೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಬೆಳ್ಳಿ ಇದ್ದವನು ಬೆಳ್ಳಿ ಹೊತ್ತು ತರುತ್ತಿದ್ದ. ಸಾಲೆಯವರು ಅದನ್ನು ಕರಗಿಸಿ, ಶೋಧಿಸಿ, ರೂಪಾಯಿ ಹೊಡೆದು, ತಮ್ಮ ಪಾಲಿನ ಸುಂಕ ಮತ್ತು ಕೂಲಿ ಮುರಿದುಕೊಂಡು ಉಳಿದದ್ದನ್ನು ಅವನಿಗೇ ಎಣಿಸಿ ಕೊಡುತ್ತಿದ್ದರು. ಸುಂಕ ಕೂಲಿ ಎಲ್ಲ ಸೇರಿ ನೂರಕ್ಕೆ ಐದಾರು ಎಂಬುದು ಇತಿಹಾಸಕಾರರ ಲೆಕ್ಕ. ಬೆಳ್ಳಿ ತಂದವನದು, ಅಚ್ಚು ಮಾತ್ರ ದೊರೆಯದು. ಹತ್ತು ಜನರ ಬೆಳ್ಳಿ ಒಂದೇ ಸಾಲೆಯಲ್ಲಿ ಕರಗಿದರೂ ಒಬ್ಬರ ಗಂಟು ಇನ್ನೊಬ್ಬರ ಗಂಟಿಗೆ ಸೇರುತ್ತಿರಲಿಲ್ಲ.

ಸಾಲೆಯ ಒಳಗಿನ ಕೆಲಸವನ್ನು ಹತ್ತಿರದಿಂದ ನೋಡುವಂತಿದೆ. ಕರಗಿದ ಬೆಳ್ಳಿಯನ್ನು ಉದ್ದನೆಯ ಸರಳಾಗಿ ಎರೆಯುತ್ತಿದ್ದರು. ಸರಳನ್ನು ಉಳಿಯಿಂದ ತುಂಡು ಮಾಡಿ, ಒಂದೊಂದು ತುಂಡನ್ನೂ ತಕ್ಕಡಿಗಿಟ್ಟು, ಹೆಚ್ಚಾದರೆ ಅಂಚು ಕತ್ತರಿಸಿ, ಬಡಿದು ದುಂಡಗೆ ಮಾಡುತ್ತಿದ್ದರು. ಕೆಳಗಿನ ಅಚ್ಚು ದಿಮ್ಮಿಯಲ್ಲಿ ಹೂತಿರುತ್ತಿತ್ತು. ಒಬ್ಬ ಅದರ ಮೇಲೆ ಬಿಲ್ಲೆ ಇಟ್ಟು ಮೇಲಿನ ಅಚ್ಚನ್ನು ಹಿಡಿದರೆ, ಇನ್ನೊಬ್ಬ ಸುತ್ತಿಗೆ ಬೀಸುತ್ತಿದ್ದ. ಒಂದೇ ಏಟು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ದೊರೆಯ ಬಿರುದಿನ ಅರ್ಧ ನಾಣ್ಯದ ಮೇಲೆ ಮೂಡಿ, ಉಳಿದರ್ಧ ಅಂಚಿನಾಚೆಗೆ ಜಾರಿಹೋಗುತ್ತಿತ್ತು. ಆ ಕಾಲದ ಎರಡು ರೂಪಾಯಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ. ಅಬುಲ್ ಫಜಲನ ‘ಐನ್-ಎ-ಅಕ್ಬರಿ’ ಈ ಕೆಲಸಗಾರರನ್ನು ದಾರೋಗನಿಂದ ಹಿಡಿದು ಅಚ್ಚು ಹಾಕುವ ಸಿಕ್ಕಚಿಯವರೆಗೆ ಸಾಲಾಗಿ ಹೆಸರಿಸುತ್ತದೆ. ಕನ್ನಡದಲ್ಲಿ ಆ ಕೆಲಸದ ಗುರುತು ಮನೆತನದ ಹೆಸರಾಗಿಯೇ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಟಂಕಸಾಲಿ ಎಂಬ ಅಡ್ಡಹೆಸರಿನ ಕುಟುಂಬಗಳಿವೆ.

ಸಾಲೆಯಿಂದ ಹೊರಬಿದ್ದ ಮೇಲೆ ನಾಣ್ಯ ಚಿನಿವಾರನ ಕೈಗೆ. ಅವನು ಕಲ್ಲಿನ ಮೇಲೆ ಎಸೆದು ನಾದ ಕೇಳುತ್ತಿದ್ದ, ಒರೆಗಲ್ಲಿಗೆ ತಿಕ್ಕುತ್ತಿದ್ದ, ಒಪ್ಪಿದರೆ ತನ್ನ ಪುಟ್ಟ ಗುರುತನ್ನು ಒತ್ತುತ್ತಿದ್ದ. ಹೊಸ ವರ್ಷದ ನಾಣ್ಯಕ್ಕೆ ಬೆಲೆ ಹೆಚ್ಚು, ಹಳೆಯದಕ್ಕೆ ಕಡಿಮೆ. ‘ಹಾಲಿ’ಗೂ ಹಳೆಯ ‘ಚಲನಿ’ಗೂ ನಡುವೆ ಇದ್ದದ್ದು ಇಂಥದೇ ಅಂತರ.

ಈ ಹಳೆಯ ಟಂಕಸಾಲೆ ಇವತ್ತಿನ ಒಂದು ಕಸುಬನ್ನು ಅರ್ಥಮಾಡಿಕೊಳ್ಳಲು ಒಳ್ಳೆಯ ಕೀಲಿಕೈ. ಬಿಟ್‌ಕಾಯಿನ್ ಹುಟ್ಟಿಸುವ ಕೆಲಸವನ್ನು ಎಲ್ಲರೂ ಗಣಿಗಾರಿಕೆ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಟಂಕಿಸುವುದು ಎಂಬ ಮಾತೇ ಚೆನ್ನಾಗಿ ಹೊಂದುತ್ತದೆ. 2009ರ ಜನವರಿ 3ರಂದು ಮೊದಲ ಬ್ಲಾಕ್, ಎಂದರೆ ಅದರ ಲೆಕ್ಕದ ಮೊದಲ ಪುಟ, ಹುಟ್ಟಿತು. ಅಂದಿನಿಂದ ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್. ಲೋಕದ ಯಂತ್ರಗಳೆಲ್ಲ ಒಂದು ಸಂಖ್ಯೆಯನ್ನು ಹುಡುಕುತ್ತಿರುತ್ತವೆ. ಮೊದಲು ಸಿಕ್ಕವರಿಗೆ ಹೊಸ ನಾಣ್ಯ. ಮೊದಲಿಗೆ 50 ಇದ್ದ ಈ ಗಳಿಕೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು.

ಹುಡುಕುವವರು ಹೆಚ್ಚಿದಂತೆ ಒಂಟಿ ಮನುಷ್ಯನಿಗೆ ಸಿಗುವ ಆಸೆ ಕುಗ್ಗಿತು. ಆಗ ಜನ ಗುಂಪು ಕಟ್ಟಿದರು. 2010ರ ಕೊನೆಯಲ್ಲಿ ಜೆಕ್ ದೇಶದ ಮಾರೆಕ್ ಪಲಟಿನಸ್ ಶುರುಮಾಡಿದ ಸ್ಲಷ್ ಪೂಲ್ ಇಂಥ ಗುಂಪುಗಳಲ್ಲಿ ಮೊದಲನೆಯದು. ಎಲ್ಲರೂ ಸೇರಿ ಹುಡುಕುವುದು, ಸಿಕ್ಕಿದ್ದನ್ನು ಹಾಕಿದ ಶ್ರಮಕ್ಕೆ ತಕ್ಕಂತೆ ಹಂಚಿಕೊಳ್ಳುವುದು. ಕಲಬುರಗಿ ಸೀಮೆಗೆ ಈ ಲೆಕ್ಕವೂ ಹೊಸದಲ್ಲ. ಶಹಾಬಾದ್ ಬಳಿಯ ಮರ್ತೂರು ತನ್ನವನೆಂದು ಹೇಳಿಕೊಳ್ಳುವ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ‘ಮಿತಾಕ್ಷರ’ ಬರೆದಾಗ, ಯಾಜ್ಞವಲ್ಕ್ಯ ಸ್ಮೃತಿಯ ‘ಸಂಭೂಯ ಸಮುತ್ಥಾನ’ ಪ್ರಕರಣಕ್ಕೂ ವ್ಯಾಖ್ಯಾನ ಬರೆದ. ಕೂಡಿ ವ್ಯಾಪಾರ ಮಾಡುವವರಲ್ಲಿ ಲಾಭನಷ್ಟಗಳು ಹೂಡಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೇ ಮೊದಲೇ ಆದ ಒಪ್ಪಂದದಂತೆ ಹಂಚಿಕೆಯಾಗಬೇಕು ಎಂಬುದು ಅಲ್ಲಿಯ ನಿಯಮ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ‘ಆಳಂದೆ ಸಾಸಿರ’ ಎಂಬ ನಾಡೊಂದಿತ್ತು, ಐನೂರ್ವರಂಥ ವರ್ತಕ ಸಂಘಗಳಿದ್ದವು, ಲೊಕ್ಕಿಗುಂಡಿಯ ಹೆಸರು ಹೊತ್ತ ‘ಲೊಕ್ಕಿ ಗದ್ಯಾಣ’ ಓಡಾಡುತ್ತಿತ್ತು. ಕೂಡಿ ದುಡಿಯುವ ನಿಯಮ ಯಾರಿಗಾಗಿ ಎಂದು ಆ ವ್ಯಾಖ್ಯಾನಕಾರ ದೂರ ಹುಡುಕಬೇಕಾಗಿರಲಿಲ್ಲ.

ಆದರೆ ಕೂಡುವುದು ಬೇಡ, ಸಾಲೆ ಮಾತ್ರ ಬೇಕು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅಂಥವರಿಗಾಗಿ ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ 2014ರಲ್ಲಿ ಒಂದು ಸರ್ವರ್ ತೆರೆದರು. ವೃತ್ತಿಯಲ್ಲಿ ಅರಿವಳಿಕೆ ವೈದ್ಯರು, ಜೊತೆಗೆ ಕಂಪ್ಯೂಟರ್ ತಂತ್ರಾಂಶ ಬರೆಯುವವರು. ಸೋಲೋ ಸಿಕೆಪೂಲ್ ಎಂಬ ಈ ಸರ್ವರಿನಲ್ಲಿ ಹೆಸರು ನೋಂದಾಯಿಸುವ ಗೋಜಿಲ್ಲ. ತನ್ನ ಬಿಟ್‌ಕಾಯಿನ್ ವಿಳಾಸವೇ ಬಳಕೆದಾರನ ಹೆಸರು. ನೂರಾರು ಗಿಗಾಬೈಟ್‌ಗಳ ಹಳೆಯ ಲೆಕ್ಕವನ್ನೆಲ್ಲ ಸರ್ವರ್ ಇಟ್ಟುಕೊಂಡಿರುತ್ತದೆ, ಹೊಸ ಬ್ಲಾಕಿನ ಅಚ್ಚನ್ನು ಕೊರೆದು ಕೊಡುತ್ತದೆ. ಸುತ್ತಿಗೆ ಏಟು ಹಾಕುವುದು ಬಳಕೆದಾರನ ಯಂತ್ರ. ಬ್ಲಾಕ್ ಸಿಕ್ಕಿತೋ, ಅದರ ಮೊದಲ ಸಾಲಿನಲ್ಲೇ ಅವನ ವಿಳಾಸ ಬರೆದಿರುತ್ತದೆ: ನೂರಕ್ಕೆ 98 ಅವನಿಗೆ, 2 ಸರ್ವರಿಗೆ. ಪಕ್ಕದಲ್ಲಿ ಸಾವಿರ ಜನ ಅದೇ ಸರ್ವರಿಗೆ ಜೋತುಬಿದ್ದಿದ್ದರೂ ಅವರಿಗೆ ಇದರಲ್ಲಿ ಪಾಲಿಲ್ಲ. ಬೆಳ್ಳಿ ನಿಮ್ಮದು, ಅಚ್ಚು ನಮ್ಮದು ಎಂಬ ಹಳೆಯ ಕರಾರು ಅಷ್ಟೂ ಇಲ್ಲಿದೆ.

ಒಂದು ಕಡೆ ಮಾತ್ರ ಹೋಲಿಕೆ ಮುರಿಯುತ್ತದೆ. ಬೆಳ್ಳಿ ತಂದವನು ಬರಿಗೈಯಲ್ಲಿ ಹೋದದ್ದಿಲ್ಲ; ಒಂಟಿಯಾಗಿ ಬಿಟ್‌ಕಾಯಿನ್ ಹುಡುಕುವವರಲ್ಲಿ ಬಹುಪಾಲು ಬರಿಗೈಯವರೇ. ಇದನ್ನು ಅಫಜಲಪುರದ ರೈತನಿಗೆ ಹೇಳಬೇಕಾದರೆ ಕೊಳವೆಬಾವಿಯ ಮಾತೆತ್ತಿದರೆ ಸಾಕು. ರಿಗ್ ಲಾರಿ ಬೇರೆಯವರದು, ಇವತ್ತು ಈ ಹೊಲ, ನಾಳೆ ಆ ಹೊಲ. ನೀರು ಬಿದ್ದರೆ ಹೊಲದವನದು, ಧೂಳು ಎದ್ದರೂ ಹೊಲದವನದೇ. ರಿಗ್ಗಿನವರು ಅಡಿಗಿಷ್ಟು ಎಂದು ತೆಗೆದುಕೊಂಡೇ ಹೋಗುತ್ತಾರೆ. ಸರ್ವರಿನವರು ನೀರು ಬಿದ್ದಾಗಷ್ಟೇ ಕೇಳುತ್ತಾರೆ, ಕರೆಂಟಿನ ಬಿಲ್ಲು ಮಾತ್ರ ಹೇಗೂ ಬರುತ್ತದೆ.

ಒಮ್ಮೊಮ್ಮೆ ನೀರು ಬೀಳುವುದೂ ಉಂಟು. 2022ರ ಜನವರಿಯಲ್ಲಿ ಸೆಕೆಂಡಿಗೆ ಸುಮಾರು 120 ಟೆರಾಹ್ಯಾಶ್ (ಹುಡುಕುವ ವೇಗದ ಅಳತೆ) ಶಕ್ತಿಯ ಒಬ್ಬ ಒಂಟಿ ಬಳಕೆದಾರನಿಗೆ ಇದೇ ಸರ್ವರಿನಲ್ಲಿ ಇಡೀ ಬ್ಲಾಕ್ ದಕ್ಕಿತು. ಗಳಿಕೆ 6.25 ಬಿಟ್‌ಕಾಯಿನ್, ಆಗಿನ ಬೆಲೆಗೆ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು. ಅಂದಿನ ಒಟ್ಟು ಪೈಪೋಟಿಗೆ ಹೋಲಿಸಿ ಲೆಕ್ಕ ಹಾಕಿದರೆ ಅಷ್ಟು ಶಕ್ತಿಗೆ ಬ್ಲಾಕ್ ಸಿಗುವುದು ಸರಾಸರಿ ಮೂವತ್ತು ವರ್ಷಕ್ಕೊಮ್ಮೆ. ಆ ಕಾಲದ ಅಂಥ ಯಂತ್ರವೊಂದು ಎಳೆಯುವ ವಿದ್ಯುತ್ ಮೂರು ಕಿಲೋವಾಟ್‌ಗೂ ಮೇಲೆ. ಹೊಲದ ಭಾಷೆಯಲ್ಲಿ ಸುಮಾರು ನಾಲ್ಕು, ನಾಲ್ಕೂವರೆ ಎಚ್‌ಪಿ ಪಂಪ್‌ಸೆಟ್; ಅದೂ ಹಗಲು ರಾತ್ರಿ, ಒಂದು ನಿಮಿಷ ನಿಲ್ಲದೆ. ಮೂರು ಫೇಸ್ ಕರೆಂಟಿಗಾಗಿ ಕಾದು ಕೂರುವ ಸೀಮೆಯವರಿಗೆ ಈ ಲೆಕ್ಕದ ಭಾರ ಬಿಡಿಸಿ ಹೇಳಬೇಕಾಗಿಲ್ಲ.

ಖಾಸಗಿ ಕೈಯಲ್ಲಿ ನಾಣ್ಯ ಹುಟ್ಟುವುದನ್ನು ಆಳುವವರು ಬಹುಕಾಲ ಸಹಿಸಿದ್ದಿಲ್ಲ. ಇದರ ಅತಿ ಕ್ರೂರ ಕಥೆ ಕಲಬುರಗಿಯದೇ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅಹಸನಾಬಾದ್ ಎನಿಸಿಕೊಂಡಿತು. ಎರಡನೆಯ ಸುಲ್ತಾನ ಮುಹಮ್ಮದ್ ಷಾ ಚಿನ್ನದ ನಾಣ್ಯ ಹೊರಡಿಸಿದ. ದಖ್ಖನ್ನಿನ ಜನಕ್ಕೆ ರೂಢಿಯಲ್ಲಿದ್ದದ್ದು ಹೊನ್ನು ಮತ್ತು ಪ್ರತಾಪ. ಸರಾಫರು ವಿಜಯನಗರ ಮತ್ತು ವಾರಂಗಲ್ಲಿನ ಅರಸರ ಪ್ರಚೋದನೆಯಿಂದ ಸುಲ್ತಾನನ ನಾಣ್ಯವನ್ನು ಕರಗಿಸುತ್ತಿದ್ದರೆಂದೂ, ಎಚ್ಚರಿಸಿದರೂ ಕೇಳದಿದ್ದಾಗ ಸುಲ್ತಾನ ಅವರನ್ನು ಒಟ್ಟಾಗಿ ಕೊಲ್ಲಿಸಿದನೆಂದೂ, ಆ ಕಸುಬು ಉತ್ತರದಿಂದ ಬಂದ ಖತ್ರಿಗಳ ಪಾಲಾಯಿತೆಂದೂ ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಫಿರಿಷ್ತಾ ಆ ಘಟನೆಗೆ ಎರಡು ಶತಮಾನ ಈಚಿನವನು. ಅವನ ಮಾತನ್ನು ಎಚ್ಚರದಿಂದಲೇ ಓದಬೇಕು. ಆದರೂ ಜನ ಯಾವುದನ್ನು ಹಣವೆಂದು ನಂಬುತ್ತಾರೋ ಅದನ್ನು ಅಪ್ಪಣೆಯಿಂದ ಬದಲಿಸಲಾಗದ ದೊರೆಯ ಸಿಟ್ಟು ಆ ಕಥೆಯಲ್ಲಿ ಹಸಿಯಾಗಿಯೇ ಇದೆ.

ನಿಜಾಮರ ರಾಜ್ಯದಲ್ಲಿ ಕೆಲಸ ರಕ್ತವಿಲ್ಲದೆ ಮುಗಿಯಿತು. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಖಾಸಗಿ ಟಂಕಸಾಲೆಗಳನ್ನು ಮುಚ್ಚಿಸಿ ಕೆಲಸವನ್ನು ಹೈದರಾಬಾದಿಗೆ ತಂದರು. ಬ್ರಿಟಿಷ್ ಭಾರತದ ಸಾಲೆಗಳು ಜನರ ಬೆಳ್ಳಿಗೆ ಬಾಗಿಲು ಹಾಕಿದ್ದು 1893ರಲ್ಲಿ. 1903ರಲ್ಲಿ ಹೈದರಾಬಾದಿನ ಸೈಫಾಬಾದಿನಲ್ಲಿ ಯಂತ್ರದ ಟಂಕಸಾಲೆ ನಿಂತಿತು. ಚಾರ್‌ಮಿನಾರ್ ಚಿತ್ರದ ರೂಪಾಯಿ ಬಂತು. 1918ರ ಕಾನೂನಿನಿಂದ ಕಾಗದದ ನೋಟೂ ಬಂತು.

ಬಿಟ್‌ಕಾಯಿನ್ ವಿಷಯದಲ್ಲಿ ನಮ್ಮ ಸರ್ಕಾರದ ಹೆಜ್ಜೆಗಳು ಇನ್ನೂ ತಡವರಿಸುತ್ತಿವೆ. 2013ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಬಿಟ್‌ಕಾಯಿನ್ ಸಮ್ಮೇಳನ ನಡೆದ ಹತ್ತು ದಿನಕ್ಕೆ ರಿಸರ್ವ್ ಬ್ಯಾಂಕ್ ಎಚ್ಚರಿಕೆಯ ಪ್ರಕಟಣೆ ಕೊಟ್ಟಿತು. ಅದೇ ವರ್ಷ ಯುನೊಕಾಯಿನ್ ಎಂಬ ಕರ್ನಾಟಕದ ಕಂಪನಿ ಕೊಡುಕೊಳ್ಳುವ ವ್ಯವಹಾರ ಶುರುಮಾಡಿತ್ತು. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಇಂಥವರೊಡನೆ ವ್ಯವಹರಿಸಕೂಡದೆಂದು ಸುತ್ತೋಲೆ ಬಂತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2022ರ ಏಪ್ರಿಲ್‌ನಿಂದ ಲಾಭಕ್ಕೆ ನೂರಕ್ಕೆ 30 ತೆರಿಗೆ. ಟಂಕಿಸುವ ಮೂಲಸೌಕರ್ಯದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲವೆಂದು ಸಂಸತ್ತಿಗೆ ತಿಳಿಸಲಾಯಿತು. ಒಪ್ಪಿದ್ದೂ ಅಲ್ಲ, ನಿಷೇಧಿಸಿದ್ದೂ ಅಲ್ಲ. ಸುಂಕ ಮಾತ್ರ ಪಕ್ಕಾ.

ಹಾಲಿ ಸಿಕ್ಕಾದ ಕೊನೆ ನಿಧಾನವಾಗಿ ಬಂತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ಅದು ಪೇಟೆಯಲ್ಲಿತ್ತು. 1950ರಲ್ಲಿ ಭಾರತದ ರೂಪಾಯಿ ಪಕ್ಕದಲ್ಲಿ ಬಂದು ನಿಂತಿತು, ಲೆಕ್ಕ ಅದೇ ಏಳಕ್ಕೆ ಆರು. 1951ರಲ್ಲಿ ಹಾಲಿ ಹೊರಡಿಸುವುದು ನಿಂತಿತು. ಪೂರ್ತಿ ಅಮಾನ್ಯವಾದದ್ದು 1959ರಲ್ಲಿ. ಅಷ್ಟರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೈಸೂರು ರಾಜ್ಯ ಸೇರಿ ಮೂರು ವರ್ಷವಾಗಿತ್ತು.

ಈಗಲೂ ಕಲಬುರಗಿಯ ಸರಾಫ ಬಜಾರಿನಲ್ಲಿ ಹಳ್ಳಿಯಿಂದ ಬಂದ ಹಳೆಯ ಬೆಳ್ಳಿಯ ನಡುವೆ ಚಾರ್‌ಮಿನಾರ್ ರೂಪಾಯಿ ಇಣುಕಿದರೆ ಅಂಗಡಿಯವರು ಅದನ್ನು ತಕ್ಕಡಿಗೆ ಇಡುತ್ತಾರೆ. ಕೆಲವು ನಾಣ್ಯಗಳ ಅಂಚಿನಲ್ಲಿ ಬೆಸುಗೆಯ ಗಂಟು ಇರುತ್ತದೆ, ಸರಕ್ಕೆ ಪೋಣಿಸಲು ಹಾಕಿದ ಕುಣಿಕೆ ಮುರಿದು ಉಳಿದದ್ದು. ಸವೆಯದ ನಾಣ್ಯದ ತೂಕ ಹನ್ನೊಂದು ಗ್ರಾಂ ಚಿಲ್ಲರೆ. ಅದರಲ್ಲಿ ನೂರಕ್ಕೆ ಸುಮಾರು 82 ಬೆಳ್ಳಿ, ಉಳಿದದ್ದು ಬೆರಕೆ. ಕೈಗೆ ಬರುವುದು ಆ ಒಂಬತ್ತು ಗ್ರಾಂ ಬೆಳ್ಳಿಯ ಆ ದಿನದ ಬೆಲೆ.