ಗುಡ್ಡ, ತ್ರಿಕೋನ ಮತ್ತು ಶೇಮಸ್

ಚಿಕ್ಕವನಿದ್ದಾಗ ಮಾವನ ಮನೆಯ ಹಳೇ ಕಂಪ್ಯೂಟರಿನಲ್ಲಿ ಡಿಎಕ್ಸ್-ಬಾಲ್ 2 ಆಡಿ ಆಡಿ ಬೈಸಿಕೊಂಡವನು ನಾನು. ನಿಮ್ಮಲ್ಲೂ ಎಷ್ಟೋ ಜನ ಆಡಿರುತ್ತೀರಿ. ಅದನ್ನು 1998ರಲ್ಲಿ ಮಾಡಿದ್ದು ಕೆನಡಾದ ಲಾಂಗ್‌ಬೋ ಡಿಜಿಟಲ್ ಆರ್ಟ್ಸ್ ಅನ್ನುವ, ಮನೆಮಂದಿಯೇ ನಡೆಸುತ್ತಿದ್ದ ಪುಟ್ಟ ಕಂಪನಿ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅಲ್ಲಿನ ಪ್ರೋಗ್ರಾಮರ್ ಶೇಮಸ್ ಮ್ಯಾಕ್‌ನ್ಯಾಲಿ. ಅವನ ಇನ್ನೊಂದು ಗೇಮ್ ಟ್ರೆಡ್ ಮಾರ್ಕ್ಸ್. ಗುಡ್ಡಗಾಡಿನಲ್ಲಿ ಟ್ಯಾಂಕುಗಳ ರೇಸು. ಗುಂಡು ಬಿದ್ದಲ್ಲಿ ನೆಲ ನಿಜಕ್ಕೂ ಕುಸಿದು ಗುಂಡಿಯಾಗುತ್ತದೆ.

ಆ ಗುಂಡಿಯೇ ತಲೆನೋವು ನೋಡಿ. ಗೇಮಿನ ನೆಲ ಅಂದರೆ ಎತ್ತರಗಳ ಒಂದು ಚೌಕಳಿ. 1024 × 1024 ಮನೆಗಳಿದ್ದರೆ, ಮನೆಗೆರಡರಂತೆ ಸುಮಾರು 21 ಲಕ್ಷ ತ್ರಿಕೋನ. ಸೆಕೆಂಡಿಗೆ 30 ಸಲ ಬರೆಯಬೇಕೆಂದರೆ 6 ಕೋಟಿ ದಾಟಿತು. 1999ರಲ್ಲಿ ಜಿಫೋರ್ಸ್ 256 ಕಾರ್ಡು ತಂದಾಗ ಎನ್‌ವಿಡಿಯಾ ಜಂಬ ಕೊಚ್ಚಿದ್ದೇ ಸೆಕೆಂಡಿಗೆ ಕನಿಷ್ಠ 1 ಕೋಟಿ ಅಂತ. ಮಾಮೂಲಿ ಮನೆಗಳ ಕಂಪ್ಯೂಟರಿನಲ್ಲಿ ಅದೂ ಇಲ್ಲ.

ಸರಿ, ದೂರದ ಗುಡ್ಡಕ್ಕೆ ದೊಡ್ಡ ತ್ರಿಕೋನ, ಕಾಲಬುಡಕ್ಕೆ ಚಿಕ್ಕದು. ಹೇಳುವುದು ಸುಲಭ. ಆದರೆ ದೊಡ್ಡದರ ಪಕ್ಕ ಚಿಕ್ಕದು ಕೂತರೆ ಅಂಚು ಕೂಡದೆ ಬಿರುಕು ಬಿಡುತ್ತದೆ.. ಗುಡ್ಡದ ನಡುವಿನಿಂದ ಆಕಾಶ ಇಣುಕುತ್ತದೆ.

1997ರಲ್ಲಿ ಅಮೆರಿಕದ ಲಿವರ್‌ಮೋರ್ ಮತ್ತು ಲಾಸ್ ಅಲಮೋಸ್ ಪ್ರಯೋಗಾಲಯಗಳ ಮಾರ್ಕ್ ಡುಶೆನೋ ಮತ್ತು ಸಂಗಡಿಗರು ಇದಕ್ಕೆ 'ರೋಮ್' ಅನ್ನುವ ಉಪಾಯ ಪ್ರಕಟಿಸಿದರು. (ಕೂದಲೂ ಅಲ್ಲ, ಊರೂ ಅಲ್ಲ :) ) ಒಂದು ಕರ್ಚೀಫನ್ನು ಮೂಲೆಯಿಂದ ಮೂಲೆಗೆ ಮಡಿಸಿ. ತ್ರಿಕೋನ ಬಂತಲ್ಲ, ಅದನ್ನೇ ಅರ್ಧಕ್ಕೆ ಮಡಿಸಿದರೆ ಮತ್ತೆ ಅದೇ ಆಕಾರ, ಚಿಕ್ಕದು. ರೋಮ್ ನೆಲವನ್ನು ಹೀಗೇ ಅರ್ಧರ್ಧ ಸೀಳುತ್ತಾ ಹೋಗುತ್ತದೆ, ಆದರೆ ಕಣ್ಣಿಗೆ ವ್ಯತ್ಯಾಸ ಕಾಣುವಷ್ಟು ಉಬ್ಬುತಗ್ಗು ಇದ್ದಲ್ಲಿ ಮಾತ್ರ. ಒಂದನ್ನು ಸೀಳಿದರೆ ಉದ್ದದ ಬದಿಗೆ ಅಂಟಿಕೊಂಡ ನೆರೆಯದನ್ನೂ ಸೀಳಲೇಬೇಕು. ಇಷ್ಟೇ ನಿಯಮ, ಬಿರುಕು ಮಾಯ! ಕಾಲೇಜಿನಲ್ಲಿ ಉರು ಹೊಡೆದ ಬೈನರಿ ಟ್ರೀ ನನಗೆ ಸರಿಯಾಗಿ ಅರ್ಥವಾಗಿದ್ದು ಇದನ್ನು ಓದಿದ ಮೇಲೆಯೇ.

ಟ್ರೆಡ್ ಮಾರ್ಕ್ಸ್ ಓಡಿದ್ದು ಇದರ ಮೇಲೆ. ಆಟ ನಡೆಯುತ್ತಿರುವಾಗಲೇ ನೆಲ ಕಟ್ಟುವುದರಿಂದ ಹೊಸ ಗುಂಡಿ ಬಿದ್ದರೂ ಅಡ್ಡಿಯಿಲ್ಲ. ಮಾರ್ಚ್ 2000ದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ಲಿನ ದೊಡ್ಡ ಬಹುಮಾನ ಅದಕ್ಕೇ ಬಂತು. ಶೇಮಸ್‌ಗೆ ಆಗಲೇ ಕ್ಯಾನ್ಸರ್. ಅದೇ ತಿಂಗಳ 21ರಂದು ತೀರಿಕೊಂಡ. ವಯಸ್ಸೂ 21. ಆ ವಯಸ್ಸಿನಲ್ಲಿ ನಾನು ಬ್ಯಾಕ್‌ಲಾಗ್ ಕ್ಲಿಯರ್ ಮಾಡುತ್ತಿದ್ದೆ. 2001ರಿಂದ ಆ ಬಹುಮಾನಕ್ಕೆ ಅವನದೇ ಹೆಸರು.

ಉಪಾಯದ ಆಯಸ್ಸೂ ಕಮ್ಮಿಯೇ ಆಯಿತು. ಕಾರ್ಡುಗಳು ಎಷ್ಟು ಬೇಗ ಬಲಿತವೆಂದರೆ, ಯಾವ ತ್ರಿಕೋನ ಬಿಡಬೇಕು ಅಂತ ಸಿಪಿಯು ಯೋಚಿಸುವುದಕ್ಕಿಂತ ಎಲ್ಲವನ್ನೂ ಬರೆದುಬಿಡುವುದೇ ಅಗ್ಗವಾಯಿತು. 2000ದಲ್ಲೇ ವಿಲಂ ಡಿ ಬೂರ್ ನೆಲವನ್ನು ತುಂಡು ತುಂಡಾಗಿ ಕಾರ್ಡಿಗೆ ಒಪ್ಪಿಸುವ ಜಿಯೋಮಿಪ್‌ಮ್ಯಾಪಿಂಗ್ ಬರೆದ. 2004ರಲ್ಲಿ ಲೊಸಾಸೊ ಮತ್ತು ಹೊಪ್ಪೆಯವರ ಕ್ಲಿಪ್‌ಮ್ಯಾಪ್ ಬಂತು.

ಕಳೆದ ಭಾನುವಾರ ಕೂತು ರೋಮ್ ಬರೆದೆ. ಬುದ್ಧಿಯಿಲ್ಲದೆ 21 ಲಕ್ಷವನ್ನೂ ಸುರಿದದ್ದೇ ನನ್ನ ಲ್ಯಾಪ್‌ಟಾಪಿನಲ್ಲಿ ಜೋರಾಗಿ ಓಡಿತು. ಆದರೂ ಬಣ್ಣ ತೆಗೆದು ಬರೀ ಗೆರೆಗಳಲ್ಲಿ ರೋಮನ್ನು ಓಡಿಸಿ ನೋಡಿ. ನಾವು ಗುಡ್ಡದ ಹತ್ತಿರ ಹೋದಂತೆ ತ್ರಿಕೋನಗಳು ಒಂದನ್ನೊಂದು ಕರೆದು ಸೀಳಿಕೊಳ್ಳುತ್ತವೆ, ಹಿಂದೆ ಸರಿದರೆ ಮತ್ತೆ ಮಡಚಿಕೊಳ್ಳುತ್ತವೆ. ರಾತ್ರಿ ಒಂದು ಗಂಟೆಯವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ.