ವಿಂಡೋಸ್ 10 ನಿಂತರೆ ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಕೇ? ಯಾದಗಿರಿಯ ಬಿಸಿಲು, ಧೂಳು, ಕರೆಂಟಿನ ನಡುವೆ ತಿಳಿದಿರಬೇಕಾದ ಸತ್ಯಗಳು

ವಿಂಡೋಸ್ 10 ಬಂದ್ ಆಗಿದೆ, ಹಳೇ ಕಂಪ್ಯೂಟರ್ ಇನ್ನು ಆನ್ ಆಗುವುದಿಲ್ಲ, ಬಂದಷ್ಟಕ್ಕೆ ಮಾರಿಬಿಡಿ ಎನ್ನುವ ಅರ್ಥದ ಸಂದೇಶಗಳು ಗುಂಪಿನಿಂದ ಗುಂಪಿಗೆ ಹರಿದಾಡುತ್ತವೆ. ಜೊತೆಗೆ ಲ್ಯಾಪ್‌ಟಾಪ್ ತಂಪಾಗಿಸಲು ಫ್ರಿಜ್‌ನಲ್ಲಿಡಿ, ಎಫ್5 ಒತ್ತಿದರೆ ಸ್ಪೀಡ್ ಹೆಚ್ಚುತ್ತದೆ ಎಂಬಂಥ ಸಲಹೆಗಳೂ ಇರುತ್ತವೆ.

ಯಾದಗಿರಿ, ಶಹಾಪುರ, ಸುರಪುರದ ಮನೆಯೊಂದರಲ್ಲಿ ಕಂಪ್ಯೂಟರ್ ಕೊಳ್ಳುವುದು ಸಣ್ಣ ಖರ್ಚಲ್ಲ. ಮಗಳ ಕಾಲೇಜು ಪ್ರಾಜೆಕ್ಟ್, ಸ್ಕಾಲರ್‌ಶಿಪ್ ಅರ್ಜಿ, ಅಂಗಡಿಯ ಲೆಕ್ಕ, ಮದುವೆಯ ಫೋಟೊ ಎಲ್ಲವೂ ಅದರಲ್ಲೇ ಇರುತ್ತವೆ. ಆದ್ದರಿಂದ ಇಂಥ ಹೇಳಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚುಟುಕು ಉತ್ತರ: ನಿಮ್ಮ ಹಳೇ ಕಂಪ್ಯೂಟರ್ ಸತ್ತಿಲ್ಲ. ನಮ್ಮ ಭಾಗದಲ್ಲಿ ಅದರ ಆಯಸ್ಸನ್ನು ಹೆಚ್ಚಾಗಿ ನಿರ್ಧರಿಸುವುದು ಬಿಸಿ, ಧೂಳು ಮತ್ತು ಕರೆಂಟ್. ಈ ಮೂರನ್ನು ಸರಿಪಡಿಸಿಕೊಂಡರೆ ಅದು ಇನ್ನೂ ಹಲವು ವರ್ಷ ದುಡಿಯಬಲ್ಲದು.

ಹೇಳಿಕೆ 1: ವಿಂಡೋಸ್ 10 ಇರುವ ಕಂಪ್ಯೂಟರ್ ಇನ್ನು ಕೆಲಸ ಮಾಡುವುದಿಲ್ಲ

ವಾಸ್ತವ: ಅರ್ಧ ಸತ್ಯ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ಮುಗಿಯಿತು ಎಂದರೆ ಹೊಸ ಭದ್ರತಾ ಅಪ್‌ಡೇಟ್‌ಗಳು ಬರುವುದಿಲ್ಲ ಎಂದಷ್ಟೇ ಅರ್ಥ. ಕಂಪ್ಯೂಟರ್ ಮೊದಲಿನಂತೆಯೇ ಆನ್ ಆಗುತ್ತದೆ, ಫೈಲುಗಳು ಅಲ್ಲೇ ಇರುತ್ತವೆ. ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ತೇಪೆ ಸಿಗದ ಕಾರಣ, ಅದರಲ್ಲಿ ಬ್ಯಾಂಕಿಂಗ್ ಮಾಡುವುದು ದಿನದಿಂದ ದಿನಕ್ಕೆ ಅಪಾಯಕಾರಿಯಾಗುತ್ತದೆ.

ನಿಮಗಿರುವ ದಾರಿಗಳು ಮೂರು.

ಒಂದು, ಮನೆಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ಕೊಟ್ಟಿರುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ. ಇದಕ್ಕೆ ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಕೊಡುವುದಾಗಿ ಕಂಪನಿ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಹಣ ಕಟ್ಟಬೇಕಿಲ್ಲ.

ಎರಡು, ವಿಂಡೋಸ್ 11. ಇದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆನಂತರದ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ನಿಮ್ಮ ಯಂತ್ರ ಅರ್ಹವೇ ಎಂದು ತಿಳಿಸುತ್ತದೆ.

ಮೂರು, ಲಿನಕ್ಸ್. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ಗಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಪೇಜ್‌ಮೇಕರ್‌ನಲ್ಲಿ ಹಳೇ ನುಡಿ ಫಾಂಟ್ ಬಳಸಿ ಡಿಟಿಪಿ ಮಾಡುವವರ ಕೆಲಸ ವಿಂಡೋಸ್‌ಗೇ ಅಂಟಿಕೊಂಡಿದೆ. ಅವರಿಗೆ ಲಿನಕ್ಸ್ ಸರಿಹೊಂದುವುದಿಲ್ಲ.

ಇವನ್ನು ಬಿಟ್ಟು, ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸುವುದು ದಾರಿಯಲ್ಲ. ಇನ್‌ಸ್ಟಾಲ್ ಮಾಡುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಕೇಳುವ ಆ್ಯಕ್ಟಿವೇಟರ್, ನಿಮ್ಮ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಆಗಿರಬಹುದು.

ಹೇಳಿಕೆ 2: ಎಫ್5 ಒತ್ತಿ ರಿಫ್ರೆಶ್ ಮಾಡಿದರೆ ಸ್ಪೀಡ್ ಹೆಚ್ಚುತ್ತದೆ

ವಾಸ್ತವ: ಸುಳ್ಳು. ರಿಫ್ರೆಶ್ ಮಾಡಿದಾಗ ಪರದೆಯ ಮೇಲಿನ ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸಲಾಗುತ್ತದೆ, ಅಷ್ಟೇ. ಅದರಿಂದ ರ‍್ಯಾಮ್ ಖಾಲಿಯಾಗುವುದೂ ಇಲ್ಲ, ಪ್ರೊಸೆಸರ್ ಚುರುಕಾಗುವುದೂ ಇಲ್ಲ.

ಹಳೇ ಕಂಪ್ಯೂಟರ್ ನಿಧಾನವಾಗಲು ಸಾಮಾನ್ಯ ಕಾರಣ ಅದರ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗಬೇಕು, ಮುಳ್ಳು ಸರಿದು ಸರಿಯಾದ ಜಾಗ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100-150 ಎಂಬಿ ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ. ಚದುರಿದ ಸಣ್ಣ ಫೈಲುಗಳನ್ನು ಓದುವಾಗ ಅಂತರ ಇನ್ನೂ ದೊಡ್ಡದು. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ ನೋಡಿ. ಸ್ಕ್ರೂ ಡ್ರೈವರ್ ಹಿಡಿದು ಕಲಿಯಬೇಕೆಂಬ ಮಕ್ಕಳಿಗೂ ಇದು ಒಳ್ಳೆಯ ಮೊದಲ ಪಾಠ.

ಹೇಳಿಕೆ 3: ನಮ್ಮ ಬಿಸಿಲಿಗೆ ಕಂಪ್ಯೂಟರ್ ತಾಳುವುದಿಲ್ಲ, ಲ್ಯಾಪ್‌ಟಾಪ್ ಫ್ರಿಜ್‌ನಲ್ಲಿಡಿ

ವಾಸ್ತವ: ಬಿಸಿಲಿನ ತೊಂದರೆ ನಿಜ, ಪರಿಹಾರ ತಪ್ಪು. ಯಾದಗಿರಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕಂಪ್ಯೂಟರಿನ ಫ್ಯಾನ್ ತಂಪು ಗಾಳಿಯನ್ನು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಒಳಗೆ ಹಾಯಿಸುತ್ತದೆ. ಕೋಣೆ 25 ಡಿಗ್ರಿ ಇದ್ದಾಗ ಪ್ರೊಸೆಸರ್ 70 ಡಿಗ್ರಿ ಇದ್ದರೆ, ಅದೇ ಕೆಲಸವನ್ನು 42 ಡಿಗ್ರಿ ಕೋಣೆಯಲ್ಲಿ ಮಾಡುವಾಗ ಸುಮಾರು 87 ಡಿಗ್ರಿಗೆ ಏರುತ್ತದೆ. ಹಲವು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿಯ ಆಸುಪಾಸು. ಆ ಮಿತಿ ಹತ್ತಿರವಾದಾಗ ಅವು ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತವೆ. ಮಧ್ಯಾಹ್ನ ನಿಧಾನವಾಗುವ ಕಂಪ್ಯೂಟರ್ ರಾತ್ರಿ ಚುರುಕಾಗುತ್ತಿದ್ದರೆ ವೈರಸ್ ಎಂದು ಗಾಬರಿಯಾಗುವ ಮೊದಲು ಬಿಸಿಯನ್ನು ಪರೀಕ್ಷಿಸಿ.

ಫ್ರಿಜ್‌ನಿಂದ ಹೊರತೆಗೆದ ನೀರಿನ ಬಾಟಲಿಯ ಮೈಮೇಲೆ ಹನಿ ಕಟ್ಟುವುದನ್ನು ನೋಡಿದ್ದೀರಲ್ಲ? ಫ್ರಿಜ್‌ನಿಂದ ತೆಗೆದ ಲ್ಯಾಪ್‌ಟಾಪ್ ಒಳಗೂ ಅದೇ ಹನಿ ಕಟ್ಟಬಹುದು. ಸರ್ಕ್ಯೂಟ್ ಮೇಲೆ ನೀರು ನಿಂತರೆ ಶಾರ್ಟ್ ಆಗುತ್ತದೆ. ಐಸ್ ಪ್ಯಾಕ್ ಇಡುವುದೂ ಇಷ್ಟೇ ಅಪಾಯ.

ಏನು ಮಾಡಬೇಕು? ಲ್ಯಾಪ್‌ಟಾಪ್ ಅನ್ನು ಹಾಸಿಗೆ, ಕೌದಿಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಿ. ಹಿಂಬದಿ ಸ್ವಲ್ಪ ಎತ್ತರವಿರಲಿ. ಸಿಪಿಯು ಡಬ್ಬಿಯನ್ನು ಬಾಗಿಲು ಮುಚ್ಚಿದ ಅಲಮಾರಿಯೊಳಗೆ ಕೂರಿಸಬೇಡಿ, ಗೋಡೆಯಿಂದ ಒಂದು ಗೇಣು ದೂರವಿಡಿ. ಭಾರಿ ಕೆಲಸಗಳನ್ನು ಬೆಳಗ್ಗೆ ಅಥವಾ ರಾತ್ರಿಗೆ ಇಟ್ಟುಕೊಳ್ಳಿ.

ಹೇಳಿಕೆ 4: ಧೂಳು ಒರೆಸಿದರೆ ಸಾಕು, ಒಳಗೆ ಕೈಹಾಕುವುದು ಬೇಡ

ವಾಸ್ತವ: ಒಳಗಿನ ಧೂಳೇ ಹೆಚ್ಚು ಕೆಟ್ಟದ್ದು. ಕಪ್ಪು ಮಣ್ಣಿನ ನುಣುಪು ಧೂಳು, ಹತ್ತಿಯ ಎಳೆ, ಭತ್ತದ ಹೊಟ್ಟು ಎಲ್ಲವೂ ನಮ್ಮ ಗಾಳಿಯಲ್ಲಿವೆ. ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಇವು ಕಂಬಳಿಯಂತೆ ಕೂತರೆ ಗಾಳಿ ಹಾಯುವುದಿಲ್ಲ.

ವರ್ಷಕ್ಕೆ ಎರಡು ಸಲ, ಅದರಲ್ಲೂ ಬೇಸಿಗೆಗೆ ಮೊದಲು ಶುಚಿ ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಮೆದು ಬ್ರಷ್ ಅಥವಾ ಸಣ್ಣ ಬ್ಲೋವರ್ ಬಳಸಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ಅದು ಅತಿವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದು. ಒದ್ದೆ ಬಟ್ಟೆ ಬೇಡ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. 230 ವೋಲ್ಟ್ ಕರೆಂಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರ್‌ನಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಒಂದು ಸ್ಪರ್ಶಕ್ಕೆ ಜೀವ ಹೋಗುವ ಅಪಾಯವಿದೆ.

ಹೇಳಿಕೆ 5: ಸಿಪಿಯು ಡಬ್ಬಿ ಮುಟ್ಟಿದರೆ ಜುಮ್ ಎನ್ನುವುದು ಮಾಮೂಲು

ವಾಸ್ತವ: ಇದನ್ನು ಖಂಡಿತ ಕಡೆಗಣಿಸಬೇಡಿ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲವನ್ನು ಸೋಸಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಅರ್ಥ್‌ಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಸೋರುವ ಅಲ್ಪ ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿಯ ಲೋಹದ ಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ ಇರುವುದರಿಂದ ಜುಮ್ ಎನಿಸಿ ಬಿಡುತ್ತದೆ.

ಆದರೆ ಆ ಜುಮ್ ಒಂದು ಸಂಗತಿಯನ್ನು ಹೇಳುತ್ತಿದೆ: ನಿಮ್ಮ ಮನೆಯ ಆ ಪ್ಲಗ್‌ಗೆ ಅರ್ಥಿಂಗ್ ಇಲ್ಲ. ನಾಳೆ ಒಳಗಿನ ಫೇಸ್ ವೈರ್ ಬಿಟ್ಟು ಡಬ್ಬಿಗೆ ತಾಗಿದರೆ ಪೂರ್ತಿ 230 ವೋಲ್ಟ್ ನಿಮ್ಮ ಮೈಮೇಲೆ ಹರಿಯುತ್ತದೆ. ಮೂರು ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ, ಎಷ್ಟೋ ಕಡೆ ಮೂರನೇ ತೂತಿಗೆ ವೈರೇ ಎಳೆದಿರುವುದಿಲ್ಲ. ಮೂರನೇ ಪಿನ್ ಮುರಿದು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚುವುದು ಇನ್ನೂ ಕೆಟ್ಟದ್ದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷಿಸಿ, ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮನುಷ್ಯನ ಮೈಮೂಲಕ ಭೂಮಿಗೆ ಸೋರಿದರೆ ಅದು ಕ್ಷಣದಲ್ಲೇ ಸಂಪರ್ಕ ಕಡಿಯುತ್ತದೆ.

ಹೇಳಿಕೆ 6: ಯುಪಿಎಸ್ ಇದ್ದರೆ ಗಂಟೆಗಟ್ಟಲೆ ಕೆಲಸ ಮಾಡಬಹುದು

ವಾಸ್ತವ: ತಪ್ಪು. 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ 360 ವಾಟ್‌ನ ಆಸುಪಾಸು ತಾಳುತ್ತದೆ. ಅದರ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ ಹೊಸದಾಗಿದ್ದಾಗ ಸಾಧಾರಣ ಡೆಸ್ಕ್‌ಟಾಪ್‌ಗೆ 15-20 ನಿಮಿಷ ಸಿಗುತ್ತದೆ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಇರುವ ಸಮಯ ಅದು.

25 ಡಿಗ್ರಿ ಮೇಲಿನ ಪ್ರತಿ 10 ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ನಮ್ಮ ಭಾಗದಲ್ಲಿ ಯುಪಿಎಸ್ ಬೇಗ ಕೈಕೊಡಲು ಇದೂ ಕಾರಣ. ಮುಂಗಾರಿಗೆ ಮುನ್ನ ಗುಡುಗು ಸಿಡಿಲು ಬಂದಾಗ ಯುಪಿಎಸ್ ನೆಚ್ಚಿಕೊಳ್ಳದೆ ಪ್ಲಗ್ ಕಿತ್ತಿಡಿ, ರೂಟರ್‌ನ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ.

ಹೇಳಿಕೆ 7: ಮನೆಯಲ್ಲಿ ಸರ್ವರ್ ಇಡುವುದು ದೊಡ್ಡ ಕಂಪನಿಗಳ ಕೆಲಸ

ವಾಸ್ತವ: ತಪ್ಪು. ಒಂದು ಕಂಪ್ಯೂಟರ್ ಸದಾ ಆನ್ ಇದ್ದು ಉಳಿದ ಸಾಧನಗಳಿಗೆ ಫೈಲ್, ಫೋಟೊ, ವಿಡಿಯೊ ಒದಗಿಸಿದರೆ ಅದೇ ಸರ್ವರ್. ಇಮ್ಮಿಚ್ ಫೋನಿನ ಫೋಟೊಗಳನ್ನು ಮನೆಯ ಡಿಸ್ಕ್‌ಗೆ ತುಂಬುತ್ತದೆ, ಜೆಲ್ಲಿಫಿನ್ ಮನೆಯ ಟಿವಿಗೆ ವಿಡಿಯೊ ಕಳಿಸುತ್ತದೆ. ಕಿವಿಕ್ಸ್ ಬಳಸಿ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ, ಇಂಟರ್‌ನೆಟ್ ಇಲ್ಲದ ದಿನವೂ ಮನೆಯ ವೈಫೈನಲ್ಲಿ ಮಕ್ಕಳು ಅದನ್ನು ಓದಬಹುದು. ಮೂರೂ ಉಚಿತ.

ಕರೆಂಟ್ ಲೆಕ್ಕ ಮೊದಲೇ ಹಾಕಿ. 50 ವಾಟ್ ಎಳೆಯುವ ಡೆಸ್ಕ್‌ಟಾಪ್ 30 ದಿನ, 24 ಗಂಟೆ ಓಡಿದರೆ 36 ಯೂನಿಟ್. 10 ವಾಟ್ ಎಳೆಯುವ ಹಳೇ ಲ್ಯಾಪ್‌ಟಾಪ್ ಆದರೆ 7.2 ಯೂನಿಟ್. ಗೃಹಜ್ಯೋತಿ ಪಡೆಯುವ ಮನೆಗಳಿಗೆ ಈ ವ್ಯತ್ಯಾಸ ಮುಖ್ಯ: ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಇನ್ನೊಂದು ಲಾಭವಿದೆ, ಅದರ ಬ್ಯಾಟರಿಯೇ ಯುಪಿಎಸ್. ಆದರೆ ಬ್ಯಾಟರಿ ಉಬ್ಬಿದ್ದು ಕಂಡರೆ ಕೂಡಲೇ ಬಳಕೆ ನಿಲ್ಲಿಸಿ.

ಎರಡು ಎಚ್ಚರಿಕೆಗಳು. ರೂಟರ್‌ನಲ್ಲಿ ಪೋರ್ಟ್ ತೆರೆದು ಸರ್ವರನ್ನು ಇಡೀ ಇಂಟರ್‌ನೆಟ್‌ಗೆ ಒಡ್ಡಬೇಡಿ. ಹೊರಗಿನಿಂದ ಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ. ಎರಡನೆಯದು, ಸರ್ವರ್ ಇದೆ ಎಂದು ಫೋನಿನ ಫೋಟೊ ಅಳಿಸಬೇಡಿ. ಒಂದೇ ಡಿಸ್ಕ್‌ನಲ್ಲಿರುವುದು ಬ್ಯಾಕಪ್ ಅಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬುದು ಸುರಕ್ಷಿತ ಸೂತ್ರ.

ಹೇಳಿಕೆ 8: ಬಣ್ಣದ ಲೈಟ್, ಗೇಮ್ ಬೂಸ್ಟರ್ ಇದ್ದರೆ ಗೇಮ್ ಚೆನ್ನಾಗಿ ಓಡುತ್ತದೆ

ವಾಸ್ತವ: ಲೈಟಿಗೂ ವೇಗಕ್ಕೂ ಸಂಬಂಧವಿಲ್ಲ. ಹೆಚ್ಚಿನ ಗೇಮ್‌ಗಳ ಓಟ ಗ್ರಾಫಿಕ್ಸ್ ಕಾರ್ಡ್ ಮೇಲೆ ನಿಂತಿದೆ. ಹಳೇ ಕಂಪ್ಯೂಟರ್‌ಗೆ ಕಾರ್ಡ್ ಹಾಕುವ ಮೊದಲು ಎಸ್‌ಎಂಪಿಎಸ್ ಅದನ್ನು ತಾಳುತ್ತದೆಯೇ ನೋಡಿ. ಅಗ್ಗದ ಎಸ್‌ಎಂಪಿಎಸ್ ಮೇಲೆ ಬರೆದ ವಾಟ್ ಅನ್ನು ಪೂರ್ತಿ ನಂಬಬೇಡಿ, 80 ಪ್ಲಸ್ ಗುರುತಿರುವುದನ್ನು ಆರಿಸಿ. ಲಿನಕ್ಸ್‌ನಲ್ಲೂ ಸ್ಟೀಮ್ ಮೂಲಕ ಬಹಳಷ್ಟು ಗೇಮ್ ಓಡುತ್ತವೆ, ಆದರೆ ವ್ಯಾಲೊರಂಟ್‌ನಂಥವು ಓಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ, ಹಳೆಯದನ್ನು ಕೊಡುವಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದರೂ ಊರಲ್ಲೇ ಕೊಂಡರೂ ಬಿಲ್ ಕೇಳಿ. ಅರ್ಧ ಗಂಟೆ ಓಡಿಸಿ ಬಿಸಿ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಪ್ರೋಗ್ರಾಂನಲ್ಲಿ ಡಿಸ್ಕ್ ಆರೋಗ್ಯ ಪರೀಕ್ಷಿಸಿ. ಬಯೋಸ್‌ಗೆ ಹಳೇ ಮಾಲೀಕರ ಪಾಸ್‌ವರ್ಡ್ ಇದ್ದರೆ ಕೊಳ್ಳಬೇಡಿ.

ಮಾರುವಾಗ ನೆನಪಿಡಿ: ಡಿಲೀಟ್ ಮಾಡಿದ ಫೋಟೊ, ಆಧಾರ್ ಪ್ರತಿಗಳನ್ನು ಮರಳಿ ತೆಗೆಯಬಹುದು. ಡಿಸ್ಕನ್ನು ಪೂರ್ತಿ ಅಳಿಸಿ, ಇಲ್ಲವೇ ತೆಗೆದಿಟ್ಟುಕೊಳ್ಳಿ. ನಿಜವಾಗಿಯೂ ಕೆಟ್ಟು ಹೋದದ್ದನ್ನು ಇ-ತ್ಯಾಜ್ಯ ಪಡೆಯಲು ನೋಂದಾಯಿಸಿದವರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಇದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ತಾಮ್ರಕ್ಕಾಗಿ ವೈರ್ ಸುಟ್ಟರೆ ಅದರ ವಿಷದ ಹೊಗೆ ಸೇರುವುದು ನಮ್ಮದೇ ಓಣಿಯ ಮಕ್ಕಳ ಎದೆಗೆ.

ಫಾರ್ವರ್ಡ್ ಮಾಡುವವರಿಗೆ ಐದೇ ಸಾಲು

• ವಿಂಡೋಸ್ 10 ಕಂಪ್ಯೂಟರ್ ಆನ್ ಆಗುತ್ತದೆ. ಅಪ್‌ಡೇಟ್‌ಗೆ ನೋಂದಾಯಿಸಿ, ಇಲ್ಲವೇ ವಿಂಡೋಸ್ 11 ಅಥವಾ ಲಿನಕ್ಸ್‌ಗೆ ಬದಲಿಸಿ.
• ಹೊಸದು ಕೊಳ್ಳುವ ಮೊದಲು ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ನೋಡಿ.
• ಫ್ರಿಜ್ ಬೇಡ, ಧೂಳು ತೆಗೆಯಿರಿ. ಎಸ್‌ಎಂಪಿಎಸ್ ಬಿಚ್ಚಬೇಡಿ.
• ಜುಮ್ ಎಂದರೆ ಅರ್ಥಿಂಗ್ ಇಲ್ಲ. ಇಂದೇ ಎಲೆಕ್ಟ್ರಿಷಿಯನ್ ಕರೆಸಿ.
• ಫೋಟೊಗಳು ಒಂದೇ ಕಡೆ ಇದ್ದರೆ ಇವತ್ತೇ ಇನ್ನೊಂದು ಪ್ರತಿ ಮಾಡಿ.