ಮಾತು ತಡವಾಗುವಿಕೆ (ಎಳೆಮಕ್ಕಳಲ್ಲಿ)

ಎರಡು ವರ್ಷ ತುಂಬಿದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂಥ ಜೋಡಿ ಪದಗಳು ಬಾರದಿರುವ ಸ್ಥಿತಿ. ಶ್ರವಣದೋಷ, ಬುದ್ಧಿಮಾಂದ್ಯ, ಆಟಿಸಂ ಕಾರಣವಾಗಬಹುದು. ಕೆಲವು ಮಕ್ಕಳಲ್ಲಿ ಕಾರಣವೇ ಸಿಗದು. ಕಾರ್ಖಾನೆಗಳ ಊರಾದ ಭದ್ರಾವತಿಯಲ್ಲಿ ಮನೆಯೊಳಗೆ ತಮಿಳು, ತೆಲುಗು ಇಲ್ಲವೇ ಉರ್ದು, ಬೀದಿಯಲ್ಲಿ ಕನ್ನಡ ಕೇಳಿ ಬೆಳೆಯುವ ಮಕ್ಕಳಿದ್ದಾರೆ. ಹೀಗೆ ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ; ಮನೆಮಾತು ಬಿಡಿಸುವುದು ತಪ್ಪು. ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಕಾಯುವುದೂ ಸಲ್ಲದು. ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ: ಬಾಗಿಲು ಬಡಿದ ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸಣ್ಣ ಧ್ವನಿಗಳು ಕೇಳದಿರಬಹುದು. ಮಗು ನಿದ್ದೆಯಲ್ಲಿರುವಾಗ ಮಾಡುವ ‘ಬೇರಾ’ (BERA) ಎಂಬ ಶ್ರವಣ ಪರೀಕ್ಷೆ ಈ ದೋಷವನ್ನು ಪತ್ತೆಹಚ್ಚುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲೇ ತಪಾಸಣೆ ನಡೆಸುತ್ತವೆ. ಭದ್ರಾವತಿ ಇರುವ ಶಿವಮೊಗ್ಗ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಶಿವಮೊಗ್ಗ ನಗರದ ಮೆಗ್ಗಾನ್. ವಾಕ್‌ಚಿಕಿತ್ಸೆಗೆ ರಾಜ್ಯದ ಪ್ರಮುಖ ಕೇಂದ್ರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.